ಆರ್‌ಎಸ್‌ಎ ಕೀಲಿಯ ಘಾತಾಂಕ 3 ಇದ್ದರೆ ಪ್ರಮಾಣಪತ್ರ ಬದಲಿಸಬೇಕೇ?

ಪ್ರಶ್ನೆ (ವಿಜಯಪುರ):
ಮಾನ್ಯರೇ, ನಮ್ಮ ಸಹಕಾರ ಸಂಘದ ಹಳೆಯ ಸರ್ವರ್‌ನ ಡಿಜಿಟಲ್ ಪ್ರಮಾಣಪತ್ರವನ್ನು ತೆರೆದು ನೋಡಿದಾಗ ಆರ್‌ಎಸ್‌ಎ (ಡಿಜಿಟಲ್ ಸಹಿ ಹಾಗೂ ಗೂಢಲಿಪಿಯ ಒಂದು ವಿಧಾನ) ಸಾರ್ವಜನಿಕ ಕೀಲಿ 2048 ಬಿಟ್ ಇದ್ದು, ‘ಎಕ್ಸ್‌ಪೊನೆಂಟ್: 3’ (ಘಾತಾಂಕ, ಅಂದರೆ ಸಹಿ ಪರಿಶೀಲಿಸುವಾಗ ಅದರ ಸಂಖ್ಯೆಯನ್ನು ಏರಿಸುವ ಘಾತ) ಎಂದು ಕಾಣಿಸಿತು. ಉಳಿದ ಸರ್ವರ್‌ಗಳಲ್ಲಿ 65537 ಇದೆ. ಇದನ್ನು ಬದಲಿಸುವುದು ಅಗತ್ಯವೇ?

ಉತ್ತರ (ಬೆಳಗಾವಿ):
ಘಾತಾಂಕ 3 ಎಂಬ ಕಾರಣಕ್ಕೇ ಕೀಲಿ ಒಡೆಯುವುದಿಲ್ಲ. ಆದರೆ ಸಹಿಯ ಪ್ಯಾಡಿಂಗನ್ನು (ಕೀಲಿಯ ಉದ್ದಕ್ಕೆ ಸರಿಹೊಂದಿಸಲು ತುಂಬುವ ನಿಗದಿತ ಬೈಟ್‌ಗಳನ್ನು) ಕೊನೆಯ ಬೈಟ್‌ವರೆಗೂ ಪರಿಶೀಲಿಸದ ತಂತ್ರಾಂಶ ಎದುರಿಗಿದ್ದರೆ, ಉಳಿದ ಜಾಗದಲ್ಲಿ ಮನಬಂದ ಅಂಕಿಗಳನ್ನು ತುಂಬಿ, ಘನಮೂಲ ತೆಗೆದು, ಖಾಸಗಿ ಕೀಲಿ ಇಲ್ಲದೆಯೇ ನಕಲಿ ಸಹಿ ಮಾಡಬಹುದೆಂದು ಗೂಢಲಿಪಿ ತಜ್ಞ ಬ್ಲೈಖೆನ್‌ಬಾಖರ್ 2006ರಲ್ಲಿ ತೋರಿಸಿದರು. ತಪ್ಪು ಪರಿಶೀಲಿಸುವವರದು, ಅಪಾಯ ಮಾತ್ರ ನಿಮ್ಮದು.

ಉತ್ತರ (ಬಾಗಲಕೋಟೆ):
ನನ್ನ ದೃಷ್ಟಿಯಲ್ಲಿ ಘಾತಾಂಕಕ್ಕಿಂತ ಕೀಲಿ ಹುಟ್ಟಿದ ಬಗೆಯೇ ಮುಖ್ಯ. 2006ರ ಒಂದು ಬದಲಾವಣೆಯಿಂದ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ಕೀಲಿ ರಚಿಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ, ಕೀಲಿಗೆ ಬೇಕಾದ ಯಾದೃಚ್ಛಿಕತೆಗೆ (ಊಹೆಗೆ ಸಿಗದಿರುವಿಕೆಗೆ) ಬಹುಮಟ್ಟಿಗೆ ಪ್ರೊಸೆಸ್ ಸಂಖ್ಯೆಯೊಂದೇ (ಓಡುತ್ತಿರುವ ಪ್ರೋಗ್ರಾಮಿಗೆ ಯಂತ್ರ ಕೊಡುವ ಗುರುತಿನ ಸಂಖ್ಯೆ) ಆಧಾರವಾಗಿ ಉಳಿಯಿತು. 2008ರಲ್ಲಿ ದೋಷ ಬಯಲಾದಾಗ, ಒಂದು ಬಗೆಯ ಯಂತ್ರದಲ್ಲಿ ಒಂದು ಉದ್ದಕ್ಕೆ ಸುಮಾರು 32,768 ಕೀಲಿಗಳಷ್ಟೇ ಹುಟ್ಟಬಲ್ಲವೆಂದು ತಿಳಿಯಿತು. ಅಂಥ ಕೀಲಿ ಎಷ್ಟು ಬಿಟ್ ಇದ್ದರೇನು! ಆದ್ದರಿಂದ ಹಳೆಯ ಕೀಲಿಯನ್ನೇ ನವೀಕರಿಸುತ್ತಾ ಹೋಗದೆ, ಹೊಸ ಯಂತ್ರದಲ್ಲಿ 65537 ಘಾತಾಂಕದ ಹೊಸ ಕೀಲಿಜೋಡಿಯನ್ನು ರಚಿಸಿ, ಹೊಸ ಸಿಎಸ್‌ಆರ್ (ಪ್ರಮಾಣಪತ್ರ ಕೋರುವ ಅರ್ಜಿ) ಕಳುಹಿಸಿರಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಳೆಯ ಪ್ರಮಾಣಪತ್ರವನ್ನು ರದ್ದುಪಡಿಸಲೂ ಕೋರುತ್ತೇವೆ.