ಸಹಾಯ ಬೇಕು: ಆನರ್ ಸೊಸೈಟಿ ಆಯ್ಕೆಯ ಲೆಕ್ಕ ನೋಡಿಕೊಡುವವರು

ಅಮೆರಿಕದ ಹೈಸ್ಕೂಲೊಂದರಲ್ಲಿ ನ್ಯಾಷನಲ್ ಆನರ್ ಸೊಸೈಟಿಗೆ (ಓದು, ಸೇವೆ, ನಾಯಕತ್ವ, ನಡತೆ ನೋಡಿ ಮಕ್ಕಳನ್ನು ಸೇರಿಸಿಕೊಳ್ಳುವ ಗೌರವ ಸಂಘ) ಆಯ್ಕೆ ಮಾಡುವಾಗ ಕಪ್ಪು ಮತ್ತು ಲ್ಯಾಟಿನೋ ಮಕ್ಕಳನ್ನು ಕೈಬಿಡುತ್ತಿದ್ದಾರೆ ಎಂಬ ದೂರಿದೆ. ಪೋಷಕರ ಪರವಾಗಿ ಮನವಿ ಸಿದ್ಧವಾಗುತ್ತಿದೆ. ಅಂಕಿಅಂಶ ಬಲ್ಲವರು, ಇಂಥ ಆಯ್ಕೆ ಸಮಿತಿಯಲ್ಲಿ ಕೂತ ಅನುಭವವಿರುವ ಶಿಕ್ಷಕರು ದಯವಿಟ್ಟು ಕೈಜೋಡಿಸಿ.

ಜಿಪಿಎ (ಎಲ್ಲ ವಿಷಯಗಳ ಗ್ರೇಡುಗಳ ಸರಾಸರಿ) ಬಗ್ಗೆ ತಕರಾರಿಲ್ಲ. 4ಕ್ಕೆ ಕನಿಷ್ಠ 3.0 ಇರಬೇಕು, ಶಾಲೆ ಬೇಕಿದ್ದರೆ ಅದನ್ನು ಏರಿಸಬಹುದು. ಎಡವಟ್ಟಾಗುವುದು ಆಮೇಲೆ. ಸೇವೆ, ನಾಯಕತ್ವ, ನಡತೆಯನ್ನು ಪ್ರಾಂಶುಪಾಲರು ನೇಮಿಸಿದ 5 ಶಿಕ್ಷಕರ ಸಮಿತಿ ಬಹುಮತದಿಂದ ತೀರ್ಮಾನಿಸುತ್ತದೆ. ನಡತೆಗೆ ಬರೀ ಅಂಕ ಹಾಕಿ ಕಾರಣ ಬರೆಯದಿದ್ದರೆ ಪೂರ್ವಗ್ರಹ ನುಸುಳುವುದು ಅಲ್ಲೇ.

ಆಯ್ಕೆಯಾದವರನ್ನು ಇಡೀ ಶಾಲೆಯ ಮಕ್ಕಳ ಜತೆ ಹೋಲಿಸುವುದು ಎಲ್ಲರೂ ಮಾಡುವ ತಪ್ಪು. ಜಿಪಿಎ ದಾಟಿದವರು, ಅರ್ಜಿ ಕೊಟ್ಟವರು, ಆಯ್ಕೆಯಾದವರು ಎಂದು ಮೂರು ಹಂತದ ಸಂಖ್ಯೆಯೂ ಜನಾಂಗವಾರು ಬೇಕು. ಗುಂಪುಗಳ ನಡುವಿನ ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡಲು, ಸಂಖ್ಯೆ ಚಿಕ್ಕದಾದ್ದರಿಂದ ಕೈ-ಸ್ಕ್ವೇರ್ ಪರೀಕ್ಷೆ ನಂಬುವಂತಿಲ್ಲ, ಚಿಕ್ಕ ಸಂಖ್ಯೆಗೂ ಹೊಂದುವ ಫಿಶರ್ ಎಕ್ಸಾಕ್ಟ್ ಪರೀಕ್ಷೆಯೇ ಸರಿ. ಆದರೆ ನಾಲ್ಕೈದು ವರ್ಷಗಳ ಸಂಖ್ಯೆಯನ್ನು ಒಂದೇ ರಾಶಿಗೆ ಸುರಿಯದೆ ವರ್ಷವಾರು ಪದರಗಳಾಗಿ ಇಟ್ಟು ನೋಡುವುದು ಹೇಗೆ? ಮುಖ್ಯವಾಗಿ ಇದಕ್ಕೇ ನೆರವು ಬೇಕಿರುವುದು.

ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಗಿರುವ ಫೆರ್ಪಾ ಕಾಯ್ದೆಯಡಿ ಪೋಷಕರು ತಮ್ಮ ಮಗುವಿನ ದಾಖಲೆ ಕೇಳಿದರೆ ಶಾಲೆ 45 ದಿನದೊಳಗೆ ತೋರಿಸಬೇಕು. ಬೇರೆ ಮಕ್ಕಳದ್ದು ಸಿಗದು. ಸರ್ಕಾರಿ ಶಾಲೆಯಾದ್ದರಿಂದ ಒಟ್ಟು ಸಂಖ್ಯೆಗಳನ್ನು ರಾಜ್ಯದ ಸಾರ್ವಜನಿಕ ದಾಖಲೆ ಕಾನೂನಿನಡಿ ಕೇಳಬೇಕು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ 6ನೇ ಅಧ್ಯಾಯದಡಿ (ಜನಾಂಗದ ತಾರತಮ್ಯ ನಿಷೇಧಿಸುವ ಭಾಗ) ಫೆಡರಲ್ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ ದೂರು ಕೊಡಲು ಸಾಮಾನ್ಯವಾಗಿ 180 ದಿನ ಗಡುವು. ಶಾಲೆಯ ಉತ್ತರಕ್ಕೆ ಕಾಯುತ್ತಾ ಕೂತರೆ ಅದು ಮೀರಿಹೋಗುತ್ತದೆ. ಬಲ್ಲವರು ಈ ವಾರವೇ ಕಾಮೆಂಟಿನಲ್ಲಿ ತಿಳಿಸಿ.