ಉಪ್ಪು ನೀರಿನ ಮನೆಗೆ ಮನೆಯಲ್ಲೇ ಮಾಡುವ ಕ್ಲೀನರ್: ನಿಜವಾಗಿ ಕೆಲಸ ಮಾಡುವುದು ಯಾವುದು?

ವರ್ತೂರು ರಸ್ತೆ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಬೆಂಗಳೂರಿನಲ್ಲಿ, ಅಪಾರ್ಟ್‌ಮೆಂಟ್. ಬೋರ್‌ವೆಲ್ ನೀರು, ವಿಪರೀತ ಉಪ್ಪು. ನಲ್ಲಿ, ಶವರ್, ಬಕೆಟ್ಟಿನ ಒಳಗೆ ಎಲ್ಲಿ ನೋಡಿದರೂ ಬಿಳಿ ಕರೆ. ಪಾತ್ರೆಗೊಂದು, ನೆಲಕ್ಕೊಂದು, ಗಾಜಿಗೊಂದು, ಬಾತ್‌ರೂಮಿಗೊಂದು ಅಂತ ಪ್ರತಿ ತಿಂಗಳು ಬಾಟಲಿ ತರುವುದು, ಖಾಲಿಯಾದದ್ದನ್ನು ಬಿಸಾಡುವುದು ಸಾಕಾಗಿದೆ. ವರ್ತೂರು ಕೆರೆಯ ನೊರೆ ಗಾಳಿಗೆ ಹಾರಿ ರಸ್ತೆಗೆ ಬಂದದ್ದನ್ನು ಕಣ್ಣಾರೆ ನೋಡಿದ್ದೇವೆ. ನಮ್ಮ ಸಿಂಕಿನ ನೀರೂ ಕೊನೆಗೆ ಎಲ್ಲೋ ಒಂದು ಕೆರೆಗೇ ಹೋಗುತ್ತೆ ಅಲ್ವಾ?

ವಿಡಿಯೋ ನೋಡಿದರೆ ತಲೆ ಕೆಡುತ್ತೆ. ಒಬ್ಬರು ವಿನೆಗರ್‌ಗೆ ಅಡುಗೆ ಸೋಡಾ ಹಾಕಿ ಅಂತಾರೆ, ಇನ್ನೊಬ್ಬರು ಎಲ್ಲದಕ್ಕೂ ನಿಂಬೆಹಣ್ಣು ಅಂತಾರೆ. ನಮ್ಮ ಅಡುಗೆಮನೆ ಕಟ್ಟೆ ಕಡಪ ಕಲ್ಲು, ನೆಲಕ್ಕೆ ಟೈಲ್ಸ್. ಕೆಲಸಕ್ಕೆ ಹೋಗುವವಳು, ಗಂಟೆಗಟ್ಟಲೆ ಕುದಿಸಿ ಸೋಸಿ ಕೂರಲು ಆಗಲ್ಲ. ದಿನಾ ಬಳಸುತ್ತಿರುವವರು ಹೇಳಿ.

ಲ್ಯಾಬ್ ಮೇಷ್ಟ್ರು:

ಮೊದಲು ವಿನೆಗರ್-ಸೋಡಾ ವಿಷಯ. ಎರಡನ್ನೂ ಸೇರಿಸಿದಾಗ ಬುಸ್ ಅಂತ ಉಕ್ಕುವುದು ಬರೀ ಕಾರ್ಬನ್ ಡೈಆಕ್ಸೈಡ್. ಹುಳಿ ಮತ್ತು ಕ್ಷಾರ ಒಂದನ್ನೊಂದು ತಿಂದುಹಾಕಿ ಉಳಿಯುವುದು ಸ್ವಲ್ಪ ಉಪ್ಪಿನಂಶದ ನೀರು. ಎರಡೂ ಒಳ್ಳೆಯ ವಸ್ತುಗಳೇ, ಆದರೆ ಬೇರೆ ಬೇರೆಯಾಗಿ ಬಳಸಬೇಕು.

ಕೊಳೆ ಯಾವುದು ಅಂತ ನೋಡಿ ವಸ್ತು ಆರಿಸಿ, ಅಷ್ಟೇ ಗುಟ್ಟು. ನಿಮ್ಮ ನಲ್ಲಿಯ ಬಿಳಿ ಕರೆ ಹೆಚ್ಚಿನಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಸೋಪಿಗೆ ಹೋಗಲ್ಲ, ಹುಳಿಗೆ ಕರಗುತ್ತೆ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಕೇಳಿ, ಅದೇ ಸಿಟ್ರಿಕ್ ಆಸಿಡ್. 1 ಲೀಟರ್ ಬಿಸಿ ನೀರಿಗೆ 2 ದೊಡ್ಡ ಚಮಚ ಹಾಕಿ. ಹಳೇ ಬನಿಯನ್ ತುಂಡನ್ನು ಅದರಲ್ಲಿ ಅದ್ದಿ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಡಿ. ಆಮೇಲೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಪುಡಿಪುಡಿಯಾಗಿ ಬರುತ್ತೆ. ಚೆನ್ನಾಗಿ ತೊಳೆದು ಒರೆಸಿ. ವಿನೆಗರ್‌ಗಿಂತ ಇದೇ ಅಗ್ಗ, ವಾಸನೆಯೂ ಇಲ್ಲ, ಪುಡಿಯಾದ್ದರಿಂದ ಬಾಟಲಿಯೂ ಬೇಡ.

ಜಿಡ್ಡಿಗೆ ಇದು ಉಪಯೋಗವಿಲ್ಲ, ಅಲ್ಲಿ ಕ್ಷಾರ ಬೇಕು. ಒಲೆಯ ಹಿಂದಿನ ಗೋಡೆಯ ಟೈಲ್ಸ್, ಎಣ್ಣೆ ಅಂಟಿದ ಸ್ಟೀಲ್ ಡಬ್ಬ, ಇದಕ್ಕೆಲ್ಲ ಬಿಸಿ ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ (ಬಟ್ಟೆ ಒಗೆಯುವ ಸೋಡಾ, ಅಡುಗೆ ಸೋಡಾ ಅಲ್ಲ). ಕೈಗೆ ಗ್ಲೌಸ್ ಇರಲಿ, ಅಲ್ಯೂಮಿನಿಯಂ ಪಾತ್ರೆಗೆ ತಾಗಿಸಬೇಡಿ.

ಇನ್ನು ನಿಮ್ಮ ಕಡಪ ಕಟ್ಟೆ. ಕಡಪ ಅಂದರೆ ಸುಣ್ಣದ ಕಲ್ಲು. ನಲ್ಲಿಯ ಕರೆಯನ್ನು ಕರಗಿಸುವ ಹುಳಿ ಕಟ್ಟೆಯನ್ನೂ ಕರಗಿಸುತ್ತೆ. ನಿಂಬೆ ಹೋಳು ಕವುಚಿಟ್ಟ ಜಾಗದಲ್ಲಿ ಬೂದು ಬಣ್ಣದ ಉಂಗುರ ಬೀಳುವುದನ್ನು ಗಮನಿಸಿರಬಹುದು. ಅದು ಕಲೆಯಲ್ಲ, ಕಲ್ಲಿನ ಮೇಲ್ಪದರವೇ ಹೋಗಿರುತ್ತೆ, ಉಜ್ಜಿದರೆ ವಾಪಸ್ ಬರಲ್ಲ. ಮಾರ್ಬಲ್‌ಗೂ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೂ ಇದೇ ಮಾತು.

ಶಿರಸಿ ಕಡೆಯವಳು:

ಮೇಷ್ಟ್ರು ಹೇಳಿದ್ದು ಸರಿ. ಪಾತ್ರೆ ಮತ್ತು ಬಟ್ಟೆಗೆ ನಾನು ಹೇಳುವುದು ಅಂಟುವಾಳ. ಉಪ್ಪು ನೀರಿನವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಸೋಪು ಉಪ್ಪು ನೀರಿನಲ್ಲಿ ಒಡೆದು ಬಿಳಿ ಗಸಿ ಆಗುತ್ತೆ, ಬಕೆಟ್ಟಿಗೆ ಅಂಟುವುದೂ ಅದೇ. ಅಂಟುವಾಳದ ಸಿಪ್ಪೆಯಲ್ಲಿರುವ, ಕೊಳೆ ಬಿಡಿಸುವ ಸಪೋನಿನ್ ಅನ್ನೋ ಅಂಶ ಹಾಗೆ ಒಡೆಯಲ್ಲ.

ಬೀಜ ತೆಗೆದ 20 ಕಾಯಿ, 1 ಲೀಟರ್ ನೀರು, ರಾತ್ರಿ ನೆನೆಸಿಡಿ. ಬೆಳಿಗ್ಗೆ ಕಾಫಿ ಮಾಡುವಾಗ ಪಕ್ಕದ ಒಲೆಯಲ್ಲಿ ಸಣ್ಣ ಉರಿಯಲ್ಲಿ ಒಂದು ಕಾಲು ಗಂಟೆ ಕುದಿಸಿ. ಪಾತ್ರೆ ದೊಡ್ಡದಿರಲಿ, ಹಾಲಿನ ಹಾಗೆ ಉಕ್ಕಿ ಒಲೆ ಮೇಲೆಲ್ಲ ಚೆಲ್ಲುತ್ತೆ. ತಣಿದ ಮೇಲೆ ಕಿವುಚಿ ಬಟ್ಟೆಯಲ್ಲಿ ಸೋಸಿ. ಜೇನಿನ ಬಣ್ಣ ಬರುತ್ತೆ, ಸ್ವಲ್ಪ ಹುಳಿ ವಾಸನೆ ಇರುತ್ತೆ. ಕಣ್ಣಿಗೆ ಹಾರಿದರೆ ತುಂಬಾ ಉರಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಸಿಪ್ಪೆಯನ್ನು ಇನ್ನೊಂದು ಸಲ ಕುದಿಸಬಹುದು, ಆಮೇಲೆ ಗೊಬ್ಬರಕ್ಕೆ.

ಹೊರಗಿಟ್ಟರೆ ಎರಡು ಮೂರು ದಿನಕ್ಕೆ ಹಳಸುತ್ತೆ. ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿನಲ್ಲಿಡಿ, ಬೇಕಾದಷ್ಟೇ ತೆಗೆಯಬಹುದು. ನೊರೆ ಕಡಿಮೆ ಬರುತ್ತೆ, ಅದಕ್ಕೆ ಹೆದರಬೇಡಿ, ನೊರೆಗೂ ಸ್ವಚ್ಛಕ್ಕೂ ಸಂಬಂಧವಿಲ್ಲ. ತುಪ್ಪ, ಎಣ್ಣೆ ಜಾಸ್ತಿ ಇರುವ ಪಾತ್ರೆಯನ್ನು ಮೊದಲು ಹಳೇ ಕಡಲೆಹಿಟ್ಟಿನಲ್ಲಿ ಒರೆಸಿ. ಹಿಟ್ಟು ಜಿಡ್ಡನ್ನು ಹೀರಿಕೊಳ್ಳುತ್ತೆ, ಆಮೇಲೆ ತೊಳೆದರೆ ಆಯಿತು. ಊರಿನಲ್ಲಾದರೆ ಈ ಕೆಲಸಕ್ಕೆ ಒಲೆ ಬೂದಿ ಇರುತ್ತಿತ್ತು. ಉಜ್ಜಲು ಪ್ಲಾಸ್ಟಿಕ್ ಸ್ಕ್ರಬ್ಬರ್ ಬದಲು ಒಣಗಿದ ಹೀರೇಕಾಯಿ ನಾರು ಇಟ್ಟುಕೊಳ್ಳಿ. ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಬಿಟ್ಟು ಬೇರೆ ಏನೂ ಬೇಡ, ಸಾರಿಗೆ ಕಿವುಚಿ ಉಳಿದ ಚರಟವೇ ಸಾಕು.

ರೇಷ್ಮೆ ಸೀರೆಗೂ ಅಂಟುವಾಳವೇ. ಬಿಳಿ ಬಟ್ಟೆ ಮಾತ್ರ ಬರೀ ಇದರಲ್ಲೇ ಒಗೆಯುತ್ತಿದ್ದರೆ ಮಾಸಲಾಗುತ್ತೆ, ಅದಕ್ಕೆ ಆಗಾಗ ವಾಷಿಂಗ್ ಸೋಡಾ ಸೇರಿಸಬೇಕು. ರೇಷ್ಮೆಗೂ ಉಣ್ಣೆಗೂ ಸೋಡಾ ಹಾಕಲೇಬಾರದು.

ಬ್ಲಾಕ್ ಸಿ ಕಮಿಟಿ:

ನೆಲಕ್ಕೆ ಸಿಪ್ಪೆ ಎಂಜೈಮ್ ಮಾಡಿ. 100 ಗ್ರಾಂ ಬೆಲ್ಲ, 300 ಗ್ರಾಂ ನಿಂಬೆ, ಮೂಸಂಬಿ, ಕಿತ್ತಳೆ ಸಿಪ್ಪೆ, 1 ಲೀಟರ್ ನೀರು. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬದಲ್ಲಿ ಕಾಲು ಭಾಗ ಖಾಲಿ ಬಿಟ್ಟು ತುಂಬಿ. ಗಾಜಿನದು ಬೇಡ. ಮೊದಲ ತಿಂಗಳು ಗ್ಯಾಸ್ ಜೋರಾಗಿ ಬರುತ್ತೆ, ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಬಿಡಬೇಕು, ಇಲ್ಲದಿದ್ದರೆ ಡಬ್ಬ ಸಿಡಿಯುತ್ತೆ. 3 ತಿಂಗಳಿಗೆ ಸಿಪ್ಪೆ ತಳಕ್ಕೆ ಇಳಿದು ಕಂದು ನೀರು ಸಿಗುತ್ತೆ. ಕಾಯುವುದು ಕಷ್ಟ ಅಂದರೆ ಒಂದು ಚಿಟಿಕೆ ಈಸ್ಟ್ ಹಾಕಿ, ಬೇಗ ಆಗುತ್ತೆ. ಒರೆಸುವ ಒಂದು ಬಕೆಟ್ ನೀರಿಗೆ ಒಂದು ಸಣ್ಣ ಲೋಟ ಸಾಕು. ಇದೂ ಹುಳಿಯೇ, ಆದ್ದರಿಂದ ಕಡಪಕ್ಕೆ ಹಾಕಬೇಡಿ.

ನಿಮ್ಮಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರನ್ನು ಶುದ್ಧ ಮಾಡಿ ಫ್ಲಶ್‌ಗೆ ವಾಪಸ್ ಕೊಡುವ ಘಟಕ, ಇದ್ದರೆ ಇನ್ನೊಂದು ವಿಷಯ. ಅಲ್ಲಿ ಕೊಳಚೆ ತಿನ್ನುವುದು ಬ್ಯಾಕ್ಟೀರಿಯಾ. ಮನೆಮನೆಯಿಂದ ಆಸಿಡ್, ಬ್ಲೀಚ್ ಸುರಿದರೆ ಅವು ಸಾಯುತ್ತವೆ, ಆಮೇಲೆ ಫ್ಲಶ್ ನೀರು ನಾರುತ್ತೆ ಅಂತ ಮೀಟಿಂಗಿನಲ್ಲಿ ಜಗಳ. ನೀವೊಬ್ಬರೇ ಬದಲಾಯಿಸಿದರೆ ಸಾಲದು, ಅಕ್ಕಪಕ್ಕದವರಿಗೂ ಒಂದೊಂದು ಬಾಟಲಿ ಎಂಜೈಮ್ ಕೊಡಿ.

ವರ್ತೂರು ರಸ್ತೆ:

ತುಂಬಾ ಥ್ಯಾಂಕ್ಸ್! ಹಾಗಾದರೆ ಕಟ್ಟೆಗೆ ಏನು ಹಾಕಲಿ? ಮತ್ತೆ ಮನೆಯಲ್ಲಿ ಪುಟ್ಟ ಮಗು ಇದೆ, ವಾಂತಿ-ಭೇದಿ ಆದಾಗಲೂ ಇದೇ ಸಾಕಾ?

ಲ್ಯಾಬ್ ಮೇಷ್ಟ್ರು:

ಕಟ್ಟೆಗೆ ಅಂಟುವಾಳದ ನೀರನ್ನೂ ಬೇಡ ಅಂತೀನಿ, ಅದೂ ಸ್ವಲ್ಪ ಹುಳಿ. ಬಿಸಿ ನೀರು, ಒಂದೆರಡು ಹನಿ ಸೋಪು, ಆಮೇಲೆ ಒಣ ಬಟ್ಟೆ.

ಕಾಯಿಲೆ ಬಂದಾಗ ಸಾಕಾಗಲ್ಲ. ವಿನೆಗರ್ ಆಗಲಿ, ಎಂಜೈಮ್ ಆಗಲಿ ನಂಬಬೇಡಿ. ಗಲೀಜಾದ ಜಾಗವನ್ನು ಮೊದಲು ಸೋಪು ನೀರಿನಲ್ಲಿ ತೊಳೆದು, ಆಮೇಲೆ ಬ್ಲೀಚ್ ಅನ್ನು ಪ್ಯಾಕೆಟ್ ಮೇಲೆ ಬರೆದಷ್ಟೇ ಅಳತೆಯಲ್ಲಿ ಬಳಸಿ, ಕಿಟಕಿ ತೆರೆದಿಡಿ. ಅದೇ ಜಾಗಕ್ಕೆ ನಿಂಬೆ ಉಪ್ಪು, ವಿನೆಗರ್, ಬಾತ್‌ರೂಮ್ ಆಸಿಡ್ ಯಾವುದೂ ಬೀಳಬಾರದು. ಬ್ಲೀಚಿಗೆ ಹುಳಿ ಸೇರಿದರೆ ಕ್ಲೋರಿನ್ ಅನಿಲ ಬರುತ್ತೆ, ಮುಚ್ಚಿದ ಬಾತ್‌ರೂಮಿನಲ್ಲಿ ಪ್ರಾಣಕ್ಕೇ ಅಪಾಯ. ಮನೆಯಲ್ಲಿ ಮಾಡಿದ್ದು ಅಂತ ಸಲೀಸಾಗಿ ತೆಗೆದುಕೊಳ್ಳದೆ ಪ್ರತಿ ಡಬ್ಬದ ಮೇಲೆ ಒಳಗೇನಿದೆ, ಯಾವತ್ತು ಮಾಡಿದ್ದು ಅಂತ ಬರೆದಿಡಿ. ಹಳೇ ನೀರಿನ ಬಾಟಲಿ, ಜ್ಯೂಸ್ ಬಾಟಲಿಯಲ್ಲಿ ಮಾತ್ರ ತುಂಬಬೇಡಿ, ಮಗು ಕುಡಿದುಬಿಟ್ಟೀತು.