ಇನ್‌ಸ್ಟ್ರುಮೆಂಟ್ ಅಪ್ರೋಚ್‌ನಲ್ಲಿ ವೇಗದ ಮಿತಿ: ನಿಯಂತ್ರಕರ ಸೂಚನೆ ಪಾಲಿಸಿಯೂ ನಾನು ತಪ್ಪಿತಸ್ಥನೇ?

ಪ್ರಶ್ನೆ

ಅಮೆರಿಕದ ನಿಯಮಗಳಂತೆ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ (ಹೊರಗೆ ಕಾಣದಿದ್ದಾಗಲೂ ಉಪಕರಣಗಳನ್ನು ನೋಡಿ ಹಾರಿಸುವ ಪೈಲಟ್ ಅರ್ಹತೆಗೆ) ತಯಾರಾಗುತ್ತಿದ್ದೇನೆ. ನಿನ್ನೆ ಸಿಮ್ಯುಲೇಟರ್‌ನಲ್ಲಿ ಒಂದು ಚಿಕ್ಕ ಜೆಟ್ ವಿಮಾನವನ್ನು, ಕ್ಲಾಸ್ ಬಿ ವಾಯುಪ್ರದೇಶದ (ಅತಿ ದಟ್ಟಣೆಯ ನಿಲ್ದಾಣಗಳ ಸುತ್ತಲಿನ ನಿಯಂತ್ರಿತ ಪ್ರದೇಶದ) ಅಡಿಯಲ್ಲಿರುವ ನಿಲ್ದಾಣಕ್ಕೆ ಐಎಲ್‌ಎಸ್ (ರನ್‌ವೇಗೆ ದಾರಿ ತೋರುವ ರೇಡಿಯೊ ವ್ಯವಸ್ಥೆ) ಮೂಲಕ ಇಳಿಸುತ್ತಿದ್ದೆ. ನಿಯಂತ್ರಕರ ಪಾತ್ರದಲ್ಲಿದ್ದ ಬೋಧಕರು 220 ನಾಟ್ (ಗಂಟೆಗೆ 220 ನಾಟಿಕಲ್ ಮೈಲಿ) ವೇಗ ಕಾಯ್ದುಕೊಳ್ಳಲು ಹೇಳಿದರು. ನಾನು ಸೂಚನೆಯನ್ನು ಮರುನುಡಿದು ಹಾಗೆಯೇ ಮಾಡಿದೆ. ಕ್ಲಾಸ್ ಬಿಯ ತಳ ದಾಟಿ ಕೆಳಗಿಳಿದ ಕೂಡಲೇ ಅವರು ಸಿಮ್ಯುಲೇಟರ್ ನಿಲ್ಲಿಸಿ, ನಾನು ನಿಯಮ ಮುರಿದೆನೆಂದರು. ಎಟಿಸಿಯ (ವಾಯುಸಂಚಾರ ನಿಯಂತ್ರಣದ) ಸೂಚನೆಯನ್ನು ಪಾಲಿಸಲೇಬೇಕೆಂದು 91.123ನೇ ನಿಯಮ ಹೇಳುತ್ತದಲ್ಲವೇ? ಹಾಗಿದ್ದರೆ ಹೊಣೆ ಯಾರದು?

ಉತ್ತರ 1

ಹೊಣೆ ನಿಮ್ಮದೇ. ವೇಗದ ಮಿತಿಗಳನ್ನು ಹೇಳುವ 91.117ನೇ ನಿಯಮದ ಒಂದೊಂದು ಉಪನಿಯಮವನ್ನೂ ಬಿಡಿಬಿಡಿಯಾಗಿ ಓದಿದರೆ ಕಾರಣ ಸ್ಪಷ್ಟವಾಗುತ್ತದೆ. ಸಮುದ್ರಮಟ್ಟದಿಂದ 10,000 ಅಡಿಗಿಂತ ಕೆಳಗೆ 250 ನಾಟ್ ಮೀರುವಂತಿಲ್ಲ; ಅದಕ್ಕೆ ವಿನಾಯಿತಿ ಕೊಡುವ ಅಧಿಕಾರ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎಯ ಮುಖ್ಯಸ್ಥರಿಗಿದೆಯೇ ಹೊರತು ರೇಡಾರ್ ಮುಂದೆ ಕುಳಿತ ನಿಯಂತ್ರಕರಿಗಲ್ಲ. ಕ್ಲಾಸ್ ಸಿ ಅಥವಾ ಡಿ (ಅಷ್ಟು ದಟ್ಟಣೆಯಿಲ್ಲದ ನಿಲ್ದಾಣಗಳ) ವಾಯುಪ್ರದೇಶದ ಮುಖ್ಯ ನಿಲ್ದಾಣದಿಂದ 4 ನಾಟಿಕಲ್ ಮೈಲಿಯೊಳಗೆ, ನೆಲದಿಂದ 2,500 ಅಡಿಯವರೆಗೆ ಮಿತಿ 200 ನಾಟ್. ಆದರೆ ಎಟಿಸಿ ಬೇರೆ ರೀತಿ ಅನುಮತಿಸಿದರೆ ಅಥವಾ ಸೂಚಿಸಿದರೆ ಆ ಮಿತಿ ಸಡಿಲವಾಗುತ್ತದೆಂದು ಅಲ್ಲಿಯೇ ಬರೆದಿದೆ. ಕ್ಲಾಸ್ ಬಿಯ ಅಡಿಯ ಪ್ರದೇಶಕ್ಕೂ ಮಿತಿ 200 ನಾಟ್, ಆದರೆ ಆ ಉಪನಿಯಮದಲ್ಲಿ ಎಟಿಸಿಯ ಮಾತೇ ಬರುವುದಿಲ್ಲ. ನೀವು ಎಡವಿದ್ದು ಇಲ್ಲಿಯೇ. ವಿಮಾನದ ಕನಿಷ್ಠ ಸುರಕ್ಷಿತ ವೇಗವೇ ಮಿತಿಗಿಂತ ಹೆಚ್ಚಾಗಿದ್ದರೆ ಮಾತ್ರ ಆ ವೇಗದಲ್ಲಿ ಹಾರಬಹುದು. ನಿಮ್ಮ ಜೆಟ್‌ಗೆ ಅದು ಅನ್ವಯಿಸದು.

91.123 ಇದ್ದರೂ, ವಿಮಾನಕ್ಕೆ ನೇರ ಹೊಣೆಗಾರರೂ ಅಂತಿಮ ಅಧಿಕಾರವುಳ್ಳವರೂ ಪೈಲಟ್ ಇನ್ ಕಮಾಂಡ್ (ಮುಖ್ಯ ಪೈಲಟ್) ಎಂದು 91.3 ಹೇಳುತ್ತದೆ. 220 ಎಂದು ಕೇಳಿದ ತಕ್ಷಣ ‘ಅನೇಬಲ್’ (ಆಗದು) ಎಂದು ಹೇಳಿ, ಗರಿಷ್ಠ 200 ನಾಟ್ ಮಾತ್ರ ಸಾಧ್ಯವೆಂದು ತಿಳಿಸಬೇಕಿತ್ತು. ಸುಮ್ಮನೆ ವೇಗ ತಗ್ಗಿಸುವುದೂ ಸರಿಯಲ್ಲ, ಏಕೆಂದರೆ ಹಿಂದಿನ ವಿಮಾನದ ಅಂತರವನ್ನು ನಿಯಂತ್ರಕರು ನಿಮ್ಮ ವೇಗವನ್ನು ನಂಬಿಯೇ ಲೆಕ್ಕ ಹಾಕಿರುತ್ತಾರೆ.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಅಂಥ ಸೂಚನೆ ಕೊಟ್ಟ ನಿಯಂತ್ರಕರದೂ ತಪ್ಪೇ ಎನ್ನುವುದನ್ನು ಬಿಟ್ಟುಬಿಡಬಾರದು. ಇಬ್ಬರೂ ತಪ್ಪಿದರೂ ವಿಮಾನದೊಳಗೆ ಇರುವವರು ನಾವು.

ಈ ಮಿತಿಗಳ ಹಿಂದೆ ಕಹಿ ಅನುಭವವಿದೆ. 1960ರ ಡಿಸೆಂಬರ್ 16ರಂದು ನ್ಯೂಯಾರ್ಕ್ ಮೇಲೆ ಒಂದು ಡಿಸಿ-8 ಜೆಟ್ ತನಗೆ ನಿಗದಿಯಾಗಿದ್ದ ಸ್ಥಳವನ್ನು ಅತಿವೇಗದಲ್ಲಿ ದಾಟಿ ಹೋಗಿ, ಇಳಿಯಲು ಬರುತ್ತಿದ್ದ ಸೂಪರ್ ಕಾನ್‌ಸ್ಟೆಲೇಶನ್ ವಿಮಾನಕ್ಕೆ ಮೋಡದಲ್ಲಿ ಡಿಕ್ಕಿ ಹೊಡೆಯಿತು. ನೆಲದ ಮೇಲಿದ್ದವರೂ ಸೇರಿ 134 ಜನ ಸತ್ತರು.

ಇನ್ನು, ಮೂರು ಡಿಗ್ರಿ ಗ್ಲೈಡ್‌ಸ್ಲೋಪ್‌ನಲ್ಲಿ (ಐಎಲ್‌ಎಸ್ ತೋರುವ ಇಳಿಜಾರು ದಾರಿಯಲ್ಲಿ) ಗಾಳಿಯಿಲ್ಲದಾಗ 220 ನಾಟ್‌ಗೆ ನಿಮಿಷಕ್ಕೆ ಸುಮಾರು 1,170 ಅಡಿ ಇಳಿಯಬೇಕಾಗುತ್ತದೆ, 140 ನಾಟ್‌ಗೆ ಸುಮಾರು 740 ಅಡಿ ಸಾಕು. ಥ್ರಸ್ಟ್ ಲಿವರ್ (ಎಂಜಿನ್ ಶಕ್ತಿಯ ಹಿಡಿ) ಪೂರ್ತಿ ಹಿಂದಕ್ಕೆಳೆದರೂ ಇಳಿಜಾರಿನಲ್ಲಿ ಜೆಟ್ ಬೇಗ ನಿಧಾನವಾಗುವುದಿಲ್ಲ. ಹಾಗಾಗಿ ವೇಗದ ವಿಚಾರವನ್ನು ಗ್ಲೈಡ್‌ಸ್ಲೋಪ್ ಹಿಡಿಯುವ ಮೊದಲೇ ಇತ್ಯರ್ಥಪಡಿಸಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು. ನಕ್ಷೆಯಲ್ಲಿ ಕ್ಲಾಸ್ ಬಿಯ ತಳದ ಎತ್ತರವನ್ನು ಬ್ರೀಫಿಂಗ್‌ನಲ್ಲಿ ನಾನು ನೋಡಿಯೇ ಇರಲಿಲ್ಲ. ಇನ್ನೊಂದು ಸಂದೇಹ: ಅಪ್ರೋಚ್‌ಗೆ (ಇಳಿಯಲು ರನ್‌ವೇ ಸಮೀಪಿಸುವುದಕ್ಕೆ) ಅನುಮತಿ ಸಿಕ್ಕ ಮೇಲೆಯೂ ಹಿಂದೆ ಹೇಳಿದ ವೇಗ ಉಳಿಯುತ್ತದೆಯೇ?

ಉತ್ತರ 1

ಇಲ್ಲ. ಅನುಮತಿಯ ಜೊತೆಯಲ್ಲಿ ಮತ್ತೆ ಹೇಳದಿದ್ದರೆ ಹಿಂದಿನ ವೇಗದ ಸೂಚನೆ ರದ್ದಾಗುತ್ತದೆ, ಮುಂದಿನ ವೇಗ ನಿಮ್ಮ ನಿರ್ಧಾರ. ಮತ್ತೆ ಹೇಳಿದರೂ ಫೈನಲ್ ಅಪ್ರೋಚ್ ಫಿಕ್ಸ್ (ಅಂತಿಮ ಇಳಿಕೆ ಶುರುವಾಗುವ ನಿಗದಿತ ಸ್ಥಳ) ಅಥವಾ ರನ್‌ವೇಯಿಂದ 5 ಮೈಲಿ, ಇವೆರಡರಲ್ಲಿ ರನ್‌ವೇಗೆ ಯಾವುದು ಹತ್ತಿರವೋ ಅದನ್ನು ದಾಟಿದ ಮೇಲೆ ನಿಯಂತ್ರಕರು ವೇಗ ನಿಗದಿಪಡಿಸುವಂತಿಲ್ಲ. 91.117ರ ಮಿತಿ ಮಾತ್ರ ಆಗಲೂ ಹಾಗೆಯೇ ಇರುತ್ತದೆ.